ಬೀವರ್‌ಗೆಂದು ಕೊಟ್ಟ ಅನುಮತಿ, ಬಾತುಕೋಳಿಗೆ ಬಿದ್ದ ಬಾಂಬು

ಮಾನ್ಯ ಸಂಸದರೇ,

ನನ್ನ ಮಗಳು ಟೆಸ್ ಮುಂದಿನ ವಾರ ಯುದ್ಧಕ್ಕೆ ಹೊರಡುತ್ತಿದ್ದಾಳೆ. ಆ ಯುದ್ಧಕ್ಕೆ ನೀವು ಮತ ಹಾಕಿಯೇ ಇಲ್ಲ. ಕೇಳಿದರೆ ನಿಮ್ಮ ಕಚೇರಿಯವರು, ಇದು ಯುದ್ಧವಲ್ಲ, ಸೀಮಿತ ಕಾರ್ಯಾಚರಣೆ, ಅಮೆರಿಕದ ಅಧ್ಯಕ್ಷರಿಗೆ ಸಂಸತ್ತು ಹಿಂದೆಂದೋ ಕೊಟ್ಟ ಹಳೆಯ ಅನುಮತಿಯೇ ಸಾಕು ಎಂದರು. ಆ ಅನುಮತಿ ಕೊಟ್ಟಾಗ ಶತ್ರು ಬೇರೆ, ದೇಶ ಬೇರೆ. ಟೆಸ್ ಇನ್ನೂ ತೊಟ್ಟಿಲಲ್ಲಿದ್ದಳು.

ಹಳೆಯ ಅನುಮತಿಯ ಮಹಿಮೆ ವರ್ಮಾಂಟ್ ರಾಜ್ಯದ ನಮ್ಮ ಪುಟ್ಟ ಊರಿಗೆ ಚೆನ್ನಾಗಿ ಗೊತ್ತು. ಪ್ರತಿ ಮಾರ್ಚ್‌ನಲ್ಲಿ ಊರಿನವರೆಲ್ಲ ಶಾಲೆಯ ಸಭಾಂಗಣದಲ್ಲಿ ಸೇರಿ, ಹಿಮ ತಳ್ಳುವ ಲಾರಿಯಿಂದ ಹಿಡಿದು ಗ್ರಂಥಾಲಯದ ಬಲ್ಬಿನವರೆಗೆ ಎಲ್ಲಕ್ಕೂ ಕೈ ಎತ್ತಿ ಮತ ಹಾಕುತ್ತೇವೆ. ಹೀಗೇ ಒಂದು ವರ್ಷ, ಹಳ್ಳಕ್ಕೆ ಕಟ್ಟೆ ಕಟ್ಟಿ ರಸ್ತೆ ಮುಳುಗಿಸುತ್ತಿದ್ದ ಒಂದು ಬೀವರ್ ಪ್ರಾಣಿಯನ್ನೂ 'ಅದರ ಜೊತೆಗಾರರನ್ನೂ' ಮಟ್ಟಹಾಕಲು ಅಗತ್ಯ ಬಲ ಬಳಸಬಹುದೆಂದು ರಸ್ತೆ ಮೇಸ್ತ್ರಿ ಡ್ವೇನ್ ಗೋಯೆಟ್‌ಗೆ ಅನುಮತಿ ಕೊಟ್ಟೆವು. ಊಟದ ಹೊತ್ತು, ಬೇಯಿಸಿದ ಬೀನ್ಸ್‌ನ ಘಮ ಬರುತ್ತಿತ್ತು. ಎಲ್ಲಿಯವರೆಗೆ ಎಂದು ಯಾರೂ ಕೇಳಲಿಲ್ಲ.

ಆ ಬೀವರ್ ಸತ್ತು ಎಷ್ಟೋ ಕಾಲವಾಯಿತು. ಡ್ವೇನ್ ನಿಲ್ಲಲಿಲ್ಲ. ಪಕ್ಕದೂರಿನ ಕಟ್ಟೆಗಳನ್ನು ಒಡೆದ. ನೀರುನಾಯಿಗಳೂ ಜೊತೆಗಾರರ ಸಾಲಿಗೆ ಸೇರಿದವು. ಕಳೆದ ಅಕ್ಟೋಬರ್‌ನಲ್ಲಿ ಸಿಡಿಮದ್ದಿಟ್ಟು ನನ್ನ ಬಾತುಕೋಳಿ ಕೊಳದ ದಂಡೆಯನ್ನೇ ಹಾರಿಸಿದ.

"ಏನೋ ಡ್ವೇನ್, ಬಾತುಕೋಳಿ ಯಾವತ್ತು ಕಟ್ಟೆ ಕಟ್ಟಿತ್ತೋ?" ಎಂದೆ.

"ಕಟ್ಟಿಲ್ಲ ಲೊರೇನಕ್ಕ. ಆದ್ರೆ ಬೀವರ್ ಜೊತೆ ಈಜಿದ್ವಲ್ಲ!"

"ನನ್ನ ಕೊಳ ಹೋಯ್ತಲ್ಲೋ!"

"ಹೋಗಿಲ್ಲಕ್ಕ, ಸೀಮಿತವಾಗಿ ಖಾಲಿಯಾಗಿದೆ. ಊರೇ ಕೈ ಎತ್ತಿತ್ತಲ್ಲ ಅವತ್ತು?"

ಈ ಮಾತು ನಿಮಗೆ ಎಲ್ಲೋ ಕೇಳಿದಂತಿಲ್ಲವೇ?

ಈ ಮಾರ್ಚ್‌ನಲ್ಲಿ ಆ ಅನುಮತಿ ಹಿಂಪಡೆಯುವ ಪ್ರಶ್ನೆ ಬಂತು. ಬೆಳಿಗ್ಗೆಯಿಂದ ಜಗಳವಾಡಿದೆವು. ಬೀನ್ಸ್ ತಣ್ಣಗಾದರೂ ಯಾರೂ ಏಳಲಿಲ್ಲ. ಕೊನೆಗೆ ಎಲ್ಲರ ಕೈಗಳೂ ಮೇಲೆದ್ದವು, ಡ್ವೇನ್‌ನದೂ.

"ನಂಗೂ ಸಾಕಾಗಿತ್ತು ಕಣಕ್ಕ. ಯಾರಾದ್ರೂ ನಿಲ್ಸು ಅಂತಾರೇನೋ ಅಂತ ಕಾಯ್ತಿದ್ದೆ" ಎಂದ.

ಪಕ್ಕದಲ್ಲಿ ಸಮವಸ್ತ್ರ ತೊಟ್ಟು ಕೂತಿದ್ದ ಟೆಸ್ ಹೊಟ್ಟೆ ಹಿಡಿದು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಅಮ್ಮಾ, ಬಾತುಕೋಳಿಗೋಸ್ಕರ ಇಷ್ಟು ಜನ ಕೈ ಎತ್ತಿದ್ರು. ನನ್ನ ಕಳ್ಸೋಕೆ ಯಾರು ಎತ್ತಿದ್ರು?"

ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ. ಯುದ್ಧ ಸಾರುವ ಅಧಿಕಾರವನ್ನು ಸಂವಿಧಾನ ಕೊಟ್ಟಿರುವುದು ನಿಮ್ಮ ಸದನಗಳಿಗೆ, ನನಗಲ್ಲ. ಅವಳು ವಿಮಾನ ಹತ್ತುವ ಮುನ್ನ ಈ ಯುದ್ಧವನ್ನು ಮತಕ್ಕೆ ಹಾಕಿಸಿ. ಬೇಕೆನ್ನಿ ಇಲ್ಲವೇ ಬೇಡವೆನ್ನಿ, ನಿಮ್ಮ ಕೈ ನಮಗೆ ಕಾಣಲಿ. ನೀವು ಬೇಕೆಂದರೆ ಅತ್ತುಕೊಂಡಾದರೂ ಕಳಿಸುತ್ತೇನೆ. ಯಾರೂ ಏನೂ ಹೇಳದೆ ಹೇಗೆ ಕಳಿಸಲಿ?

ಇಂತಿ,
ಬಾತುಕೋಳಿಗಳ ಮಟ್ಟಿಗೆ ನ್ಯಾಯ ಸಿಕ್ಕಿರುವ
ಲೊರೇನ್ ಥಿಬೋ