ಬೋಳಿಸಿದ ಕೂದಲು ಹೇಗೆ ಬರುತ್ತದೆಂದು ಕೇಳಿದೆಯಲ್ಲ

ಮನೆಯಿಂದ,
ಭಾನುವಾರ ಮಧ್ಯಾಹ್ನ, ಮಾರ್ಚ್ ೯

ಪ್ರೀತಿಯ ಮಗಳೇ,

ಮೊದಲು ‘ಸೊಸೆಗೆ’ ಎಂದು ಬರೆದು ಒಂದು ಹಾಳೆ ಹರಿದೆ. ಆ ಪದ ಈಗ ನನ್ನ ಕೈಯಿಂದ ಸಲೀಸಾಗಿ ಬರುತ್ತಿಲ್ಲ. ಹೇಗಿದ್ದೀಯ? ಊಟ ಸೇರುತ್ತಿದೆಯಾ? ಎಡಗಿವಿಯ ಹಿಂದಿನ ಗಾಯ ಒಣಗಿತೋ, ಇನ್ನೂ ಜಿನುಗುತ್ತಿದೆಯೋ? ಈಗ ಮೂರನೇ ವಾರ, ನೆತ್ತಿ ತುರಿಸುವ ಸಮಯ. ಎಷ್ಟೇ ಜೀವ ಹೋಗುವಂತಾದರೂ ಉಗುರು ಹಾಕಬೇಡ, ಒದ್ದೆ ಬಟ್ಟೆ ಒತ್ತಿಕೋ. ನಿನ್ನ ತಂಗಿಯ ಮಗು ಹೆದರುತ್ತದೆಂದು ಮನೆಯೊಳಗೂ ನೀನು ತಲೆಗೆ ಕಟ್ಟಿದ ಬಟ್ಟೆ ತೆಗೆಯುವುದಿಲ್ಲವಂತೆ. ತೆಗೆ ಮಾರಾಯ್ತಿ. ಮಕ್ಕಳು ಎರಡು ದಿನ ಪಿಳಿಪಿಳಿ ನೋಡುತ್ತವೆ, ಮೂರನೇ ದಿನ ತಲೆಯ ಮೇಲೆ ಕೈಯಾಡಿಸಿ ನಗುತ್ತವೆ. ಗಾಯಕ್ಕೂ ಗಾಳಿ ಬೇಕು. ನನ್ನ ಬಗ್ಗೆ ಚಿಂತೆ ಬೇಡ. ಮುಂದಿನ ಎರಡು ಹಲ್ಲು ಹೋಗಿವೆ, ‘ಸ’ ಅನ್ನಲು ಹೋದರೆ ಶಿಳ್ಳೆ ಹೊಡೆದಂತಾಗುತ್ತದೆ. ಅದು ಹೇಗಾಯಿತೆಂದು ಮುಂದೆ ಬರೆಯುತ್ತೇನೆ.

ನಿನ್ನ ತಂಗಿ ಫೋನಿನಲ್ಲಿ ನಿನ್ನ ಪ್ರಶ್ನೆ ಮುಟ್ಟಿಸಿದಳು. ಬೋಳಿಸಿದ ಮೇಲೆ ಕೂದಲು ಮೊದಲಿನ ಹಾಗೆ ಬರುತ್ತದೋ, ಇಲ್ಲ ಒರಟಾಗಿ ದಪ್ಪವಾಗಿ ಬರುತ್ತದೋ ಎಂದು. ನೀನು ನನ್ನನ್ನೇ ಕೇಳಿದ್ದಕ್ಕೆ ಕೂತಲ್ಲೇ ಸ್ವಲ್ಪ ಅತ್ತೆ. ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ರೋಗಿಗಳ ಮೈಕೂದಲು, ತಲೆಗೂದಲು ತೆಗೆದವಳು ನಾನು. ಈ ವಿಷಯದಲ್ಲಿ ನನ್ನಷ್ಟು ಬಲ್ಲವರು ಆ ಕಟ್ಟಡದಲ್ಲೇ ಇಲ್ಲ, ನನ್ನಷ್ಟು ಸುಳ್ಳು ಹೇಳಿದವರೂ ಇಲ್ಲ. ತಲೆಗೆ ಬ್ಲೇಡ್ ತಾಗುವ ಮೊದಲೇ ಹೆಂಗಸರ ಕಣ್ಣು ತುಂಬುತ್ತದೆ. ಆಗ ನಾನು, “ಅಳಬೇಡಿ, ಬೋಳಿಸಿದ್ರೆ ಮೊದಲಿಗಿಂತ ದಟ್ಟವಾಗಿ ಬರುತ್ತೆ” ಎನ್ನುತ್ತಿದ್ದೆ. ಕೇಳಿದವರ ಭುಜ ಕೊಂಚ ಸಡಿಲವಾಗುತ್ತಿತ್ತು, ನನ್ನ ಕೈ ನಡೆಯುತ್ತಿತ್ತು. ನಿಜ ಏನೆಂದರೆ, ಬ್ಲೇಡ್ ಕತ್ತರಿಸುವುದು ಚರ್ಮದ ಮೇಲಿನ ಕೂದಲನ್ನು ಮಾತ್ರ. ಅದು ಹುಟ್ಟುವ ಜಾಗ ಚರ್ಮದೊಳಗೆ ತನ್ನ ಪಾಡಿಗೆ ತಾನಿರುತ್ತದೆ. ಮೇಲೆ ಏನು ನಡೆಯಿತೆಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ಹೊಸದಾಗಿ ತಲೆ ಎತ್ತುವಾಗ ತುದಿ ಮೊಂಡಾಗಿರುತ್ತದಲ್ಲ, ಅದಕ್ಕೆ ಕೈಗೆ ಚುಚ್ಚುತ್ತದೆ, ಕಣ್ಣಿಗೆ ಕಪ್ಪಾಗಿ ಕಾಣುತ್ತದೆ. ಬೆಳೆದ ಮೇಲೆ ಅದೇ ನಿನ್ನ ಹಳೆಯ ಕೂದಲು, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಒಬ್ಬ ಬಡಗಿಗೆ ಒಂದೇ ವರ್ಷದಲ್ಲಿ ಮೂರು ಸಲ ಅರ್ಧ ತಲೆ ಬೋಳಿಸಿದ್ದೆ. ಮರುವರ್ಷ ತೋರಿಸಿಕೊಳ್ಳಲು ಬಂದಾಗ ಬೇಕೆಂದೇ ಕೂದಲಲ್ಲಿ ಬೆರಳಾಡಿಸಿ ನೋಡಿದೆ. ಬೋಳಿಸಿದ ಅರ್ಧ ಯಾವುದು, ಬಿಟ್ಟ ಅರ್ಧ ಯಾವುದು ಎಂದು ನನಗೇ ತಿಳಿಯಲಿಲ್ಲ. ತಿಂಗಳಿಗೆ ಒಂದು ಬೆರಳಗಲಕ್ಕೂ ತುಸು ಕಡಿಮೆ ಬೆಳೆಯುತ್ತದೆ, ಲೆಕ್ಕ ಹಾಕಿಕೊಂಡು ಕಾಯಬೇಡ. ಕಿವಿಯ ಹಿಂದೆ ಚರ್ಮ ಕಿತ್ತುಹೋದ ಕಡೆ ಮಾತ್ರ ಕಲೆ ಉಳಿದರೆ ಕೂದಲು ಬರಲಿಕ್ಕಿಲ್ಲ. ಇನ್ನು ನಿನಗೆ ಸುಳ್ಳು ಹೇಳಲಾರೆ.

ನನ್ನ ಆ ಸುಳ್ಳನ್ನೇ ನನ್ನ ಮಗ ಅವತ್ತು ನಿನಗೆ ಹೇಳಿದ. ನಾನು ಬಚ್ಚಲ ಬಾಗಿಲು ದೂಡಿದಾಗ ನೀನು ನೆಲದ ಮೇಲಿದ್ದೆ, ನಿನ್ನ ಬೆನ್ನಿನ ಮೇಲೆ ಅವನ ಮೊಣಕಾಲಿತ್ತು. ಆಸ್ಪತ್ರೆಯವರು ಬೇಡವೆಂದು ಬಿಸಾಡಿದ್ದ ಹಳೆಯ ಮೆಷಿನ್ನು, ನಾನೇ ತಂದು ಕಪಾಟಿನಲ್ಲಿಟ್ಟದ್ದು, ಅವನ ಕೈಯಲ್ಲಿತ್ತು. ಅದರ ಹಲ್ಲು ಮುರಿದಿತ್ತು, ಕೂದಲನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಕೀಳುತ್ತಿತ್ತು. ನೀರು ಹೋಗುವ ಬಾಯಿಗೆ ನಿನ್ನ ಜಡೆ ಸಿಕ್ಕಿಕೊಂಡು, ಕೆಂಪು ನೀರು ನಿನ್ನ ಕೆನ್ನೆಯವರೆಗೆ ನಿಂತಿತ್ತು. ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವವನೊಬ್ಬ ನಿನ್ನ ಕೂದಲು ಚೆನ್ನಾಗಿದೆ ಎಂದು ಫೋನಿಗೆ ಕಳಿಸಿದ್ದ ಒಂದೇ ಒಂದು ಸಾಲಿಗೆ ಅಷ್ಟೆಲ್ಲ. ನನ್ನನ್ನು ನೋಡಿ ಅವನು ನಕ್ಕ. “ದಟ್ಟವಾಗಿ ಬರುತ್ತೆ ಅಂತ ನೀನೇ ಹೇಳ್ತೀಯಲ್ಲಮ್ಮಾ, ಉಪಕಾರ ಮಾಡಿದೀನಿ ಅವಳಿಗೆ” ಎಂದ. ಟೈರ್ ಅಂಗಡಿಯಲ್ಲಿ ಲಾರಿ ಚಕ್ರ ಬಿಚ್ಚುವ ಕೈಗಳು ಅವು. ಆ ಕೈಗಳನ್ನು ನೋಡುತ್ತ ನಿಂತೆನೇ ಹೊರತು ಅವನಿಗೆ ಒಂದು ಮಾತು ಅನ್ನಲಿಲ್ಲ. ಅವನು ಹೊರಟ ಮೇಲೆ ನಿನ್ನನ್ನು ಎಬ್ಬಿಸಿ, ತೊಳೆದು, ಬಸ್ಸು ಹತ್ತಿಸಿದೆ. ಅದಷ್ಟನ್ನೇ ನೀನು ದೊಡ್ಡದು ಮಾಡಿ ನಿನ್ನ ತಂಗಿಯ ಮುಂದೆ ನನ್ನನ್ನು ಹೊಗಳಿದ್ದೀಯಂತೆ.

ಹನ್ನೊಂದು ದಿನ ಅವನು ಸುಮ್ಮನಿದ್ದ. ‘ದೊರೆ’ ಎಂದು ಮುದ್ದಿಗೆ ಕರೆದು ಬೆಳೆಸಿದ್ದೆನಲ್ಲ, ದೊರೆಯ ಹಾಗೆಯೇ ಉಂಡ, ಮಲಗಿದ, ನಾನು ಒಗೆದ ಅಂಗಿ ಹಾಕಿಕೊಂಡು ಹೋದ. ಹನ್ನೆರಡನೇ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಅಂಗಡಿಯಿಂದ ಅರ್ಧಕ್ಕೇ ಬಂದ. ನಾನು ಆಸ್ಪತ್ರೆಯ ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. “ಅವಳ ತಂಗಿ ಹೊಸ ಮನೆ ಎಲ್ಲಿ, ವಿಳಾಸ ಕೊಡು” ಎಂದ. ಗೊತ್ತಿಲ್ಲ ಎಂದೆ. ನನ್ನ ತುರುಬು ಹಿಡಿದ. ಅರವತ್ತು ವರ್ಷಕ್ಕೆ ಉಳಿದಿರುವುದೇ ಒಂದು ಹಿಡಿ ಕೂದಲು, ಅದನ್ನು ಕೈಗೆ ಸುತ್ತಿಕೊಂಡು ನನ್ನ ಮುಖವನ್ನು ಪಾತ್ರೆ ತೊಳೆಯುವ ಕಟ್ಟೆಗೆ ಬಡಿದ. ಒಂದು ಸಲ. “ವಿಳಾಸ.” ಎರಡನೇ ಸಲ ಬಡಿದಾಗ ಹಲ್ಲು ನಾಲಿಗೆಯ ಮೇಲೆ ಬಂದು ಬಿತ್ತು. ಬಾಯಿ ತುಂಬ ರಕ್ತ, ಗೊತ್ತಿಲ್ಲ ಎನ್ನಲೂ ಆಗಲಿಲ್ಲ. ಆಗ ಅವನು, “ನಿನಗೂ ಬೋಳಿಸ್ಬೇಕಾ?” ಎಂದು ಕೂದಲು ಬಿಟ್ಟು ಕಪಾಟಿನ ಕಡೆಗೆ ತಿರುಗಿದ.

ನನಗೆ ಹೆಚ್ಚು ಯೋಚನೆಯೇನೂ ಬರಲಿಲ್ಲ ಮಗಳೇ. ಇಸ್ತ್ರಿ ಪೆಟ್ಟಿಗೆ ಕೈಗೆ ಸಿಕ್ಕಿತು, ವೈರಿನ ಸಮೇತ ಎಳೆದು ಅವನ ತಲೆಯ ಹಿಂಭಾಗಕ್ಕೆ ಬೀಸಿದೆ. ತೆಂಗಿನಕಾಯಿ ಒಡೆದಂಥ ಸದ್ದು. ಅವನು ಬಿದ್ದ. ಬಿದ್ದವನು ಎದ್ದು ಕೂರಲು ಕೈಯೂರಿದ. ಇನ್ನೊಂದು ಏಟು ಹಾಕಿದೆ, ಭುಜಕ್ಕೆ. ಅಂಗಿ ಸುಟ್ಟ ವಾಸನೆ ಬಂತು. ಮೂರನೆಯದಕ್ಕೆ ಕೈ ಎತ್ತಿದ್ದೆ. ಪಕ್ಕದ ಮನೆಯ ದರ್ಜಿ ಓಡಿ ಬಂದು ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಈ ಕಾಗದವನ್ನು ನಾನು ಇನ್ನೆಲ್ಲೋ ಕೂತು ಬರೆಯುತ್ತಿದ್ದೆ. ಹೆತ್ತ ಹೊಟ್ಟೆ ಚುರ್ ಎನ್ನಲಿಲ್ಲವೇ ಎಂದು ಕೇಳಿದರೆ, ಆ ಗಳಿಗೆಯಲ್ಲಿ ಇಲ್ಲ. ಕಟ್ಟೆ ಒರೆಸುವಾಗ ಅಂದಿತು, ಸಂಜೆ.

ಆಂಬುಲೆನ್ಸ್ ನಮ್ಮಿಬ್ಬರನ್ನೂ ನಮ್ಮ ಆಸ್ಪತ್ರೆಗೇ ತಂದಿತು. ಹೊಲಿಗೆ ಹಾಕುವ ಮೊದಲು ಗಾಯದ ಸುತ್ತ ಬೋಳಿಸಬೇಕು. ನನ್ನ ಬದಲಿಗೆ ಬರುವವಳು ಅವತ್ತು ರಜೆ. ನರ್ಸಮ್ಮನಿಗೆ ಕೈ ಬಿಡುವಿರಲಿಲ್ಲ. ನಾನು ಬಾಯಿಗೆ ಹತ್ತಿ ತುರುಕಿಕೊಂಡು ರೇಜರ್ ತೆಗೆದುಕೊಂಡೆ. ಎಲ್ಲರೂ ನನ್ನ ಮುಖ ನೋಡಿದರು, ಯಾರೂ ತಡೆಯಲಿಲ್ಲ. ಅವನಿಗೆ ಎಚ್ಚರವಿತ್ತು. ರಕ್ತ ಹೆಪ್ಪುಗಟ್ಟಿದ ಕೂದಲನ್ನು ನೆನೆಸಿ, ನೆನೆಸಿ ತೆಗೆದೆ. ಹುಟ್ಟಿದಾಗ ಹತ್ತಿಯ ಹಾಗಿದ್ದ ಅದೇ ತಲೆ. ಬ್ಲೇಡ್ ಗಾಯದ ಅಂಚಿಗೆ ಬಂದಾಗ ನನ್ನ ಕೈ ಏನು ಬೇಕಾದರೂ ಮಾಡಬಹುದಿತ್ತು, ಆಸೆಯೂ ಬಂತು. ಒಂದು ಗೀರೂ ಹಾಕಲಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸ ಕಣೇ, ಪ್ರೀತಿ ಎಂದು ತಿಳಿಯಬೇಡ. ಅವನು ಕಣ್ಣು ಮುಚ್ಚಿಕೊಂಡೇ, ಮಗುವಿನ ದನಿಯಲ್ಲಿ, “ದಟ್ಟವಾಗಿ ಬರುತ್ತಲ್ಲಮ್ಮಾ?” ಎಂದು ಕೇಳಿದ. ಹತ್ತಿ ಉಗಿದು ಹೇಳಿದೆ: “ಬರಲ್ಲ ಕಣೋ. ಇದ್ದಷ್ಟೇ ಬರುತ್ತೆ. ಹೊಲಿಗೆ ಬಿದ್ದ ಕಡೆ ಅದೂ ಬರಲ್ಲ.”

ಹನ್ನೊಂದು ಹೊಲಿಗೆ ಬಿತ್ತು. ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ಜಾರಿ ಬಿದ್ದ ಅಂತ ಬರೀಲಾ?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. “ಜಾರಿ ಬಿದ್ದವಳು ಅಂತ ಬರೆಸಿಕೊಂಡ ಹೆಂಗಸರನ್ನು ಈ ಕೋಣೆಯಲ್ಲಿ ಬೇಕಾದಷ್ಟು ನೋಡಿದೀನಿ, ನಾನೇ ಹೊಡೆದೆ ಅಂತ ಬರೀರಿ, ಯಾಕೆ ಅಂತಲೂ ಬರೀರಿ” ಎಂದೆ. ಸಂಜೆಯೊಳಗೆ ಪೊಲೀಸರು ಬಂದರು. ನಿನ್ನ ಮೇಲೆ ಆದದ್ದು, ನನ್ನ ಮೇಲೆ ಆದದ್ದು, ನಾನು ಮಾಡಿದ್ದು, ಮೂರನ್ನೂ ಹೇಳಿದೆ. ಮೆಷಿನ್ನನ್ನು ಬಟ್ಟೆಯಲ್ಲಿ ಸುತ್ತಿ ಅವರ ಕೈಗೇ ಕೊಟ್ಟೆ, ಹಲ್ಲಿನ ಸಂದಿಯಲ್ಲಿ ನಿನ್ನ ಕೂದಲು ಇನ್ನೂ ಇತ್ತು. ಈಗ ಅವನು ಅವರ ವಶದಲ್ಲಿದ್ದಾನೆ. ನನ್ನ ಮೇಲೂ ಕೇಸು ಆಗಬಹುದಂತೆ, ಆಗಲಿ. ಗುರುವಾರ ಹತ್ತೂವರೆಗೆ ಕೋರ್ಟಿಗೆ ನೀನು ಬರಬೇಕು, ನೋಟೀಸು ತಲುಪಿರಬೇಕು. ಅಲ್ಲಿಂದ ಈ ಮನೆಗೆ ಮಾತ್ರ ಬರಬೇಡ. ಅವನು ಅತ್ತರೂ, ನಾನು ಅತ್ತರೂ ಬರಬೇಡ. ಲ್ಯಾಬಿನವರು ನಿನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ, ಹೋಗಿ ಕೇಳಿಕೊಂಡು ಬಂದಿದ್ದೇನೆ.

ನಿನ್ನ ತಂಗಿಗೆ, ಅವಳ ಮನೆಯವರಿಗೆ ನನ್ನ ನೆನಪು ತಿಳಿಸು. ಮಗುವಿಗೆ ಮುತ್ತು. ಬಾಗಿಲ ಸದ್ದಿಗೆ ಬೆಚ್ಚಿ ಬೀಳದಂಥ ದಿನಗಳು ನಿನಗೆ ಬೇಗ ಬರಲಿ.

ನಿನ್ನ ಅತ್ತೆ

ತಾ.ಕ.: ನಾಳೆ ಬೆಳಗ್ಗೆಯೇ ಅಂಚೆಗೆ ಹಾಕಬೇಕು, ಆದರೂ ಲಕೋಟೆ ಅಂಟಿಸಲು ಆಗುತ್ತಿಲ್ಲ. ಅವತ್ತು ನಾನು ಡ್ಯೂಟಿಯಿಂದ ಆಗತಾನೇ ಬಂದೆ ಎಂದು ನೀನು ತಿಳಿದಿದ್ದೀಯ. ಇಲ್ಲ. ಅರ್ಧ ಗಂಟೆ ಮುಂಚೆಯೇ ಹಿಂದಿನ ಬಾಗಿಲಿಂದ ಬಂದಿದ್ದೆ. ನೀನು ‘ಅತ್ತೇ’ ಎಂದು ಮೂರು ಸಲ ಕೂಗಿದ್ದು ಕೇಳಿಸಿತು. ಅವನ ಭಯಕ್ಕೆ ಕಾಲು ಏಳಲಿಲ್ಲ. ನಾಲ್ಕನೇ ಸಲ ಕೇಳಿಸಬಾರದೆಂದು ಅಡುಗೆಮನೆಯ ನಲ್ಲಿ ಜೋರಾಗಿ ಬಿಟ್ಟುಕೊಂಡೆ. ಬಚ್ಚಲ ಬಾಗಿಲಿಗೆ ಚಿಲಕವೂ ಹಾಕಿರಲಿಲ್ಲ. ಇದನ್ನೂ ಪೊಲೀಸರ ಹತ್ತಿರ ಬರೆಸಿದ್ದೇನೆ, ಗುರುವಾರ ಗಟ್ಟಿಯಾಗಿ ಓದುತ್ತಾರೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ. ಇದನ್ನು ಓದಿದ ಮೇಲೂ ಕೋರ್ಟಿಗೆ ಬಾ. ನನ್ನ ಪಕ್ಕ ಕೂರಬೇಕೆಂದಿಲ್ಲ.