ಅಣ್ಣನ ಕುತ್ತಿಗೆ, ನನ್ನ ಕತ್ತರಿ

ಅಕ್ಟೋಬರ್ 6, 2024, ಭಾನುವಾರ. ಮಕ್ತಲ್.

ಇವತ್ತು ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ ಮುಟ್ಟದೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದೆ.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಕೇಳಿದರು: “ಅಣ್ಣನ ಮ್ಯಾಲಿನ ಸಿಟ್ಟು ಇನ್ನಾ ಹೋಗಿಲ್ಲೇನಪ್ಪ?” ಹೂಂ ಎಂದು ಬಂದುಬಿಟ್ಟೆ. ಬರೀ ಸಿಟ್ಟಾಗಿದ್ದರೆ ರೊಟ್ಟಿ ತಿನ್ನುತ್ತಿದ್ದೆ.

ನಾನು ಕುಲದೇವರು ಬೀರಪ್ಪನನ್ನು ಬಿಟ್ಟು ಕೃಷ್ಣಾ ನದಿಯಲ್ಲಿ ದೀಕ್ಷಾಸ್ನಾನ ಪಡೆದ ದಿನವೇ ಅಣ್ಣ ಕಿಷ್ಟಪ್ಪ ಕುರಿ ಕಾಯುವ ಕೋಲಿನಿಂದ ನನ್ನ ಬಲ ಮೊಣಕೈ ಮುರಿದ. ಮೂಳೆ ಮುರಿದ ಸದ್ದು ಇನ್ನೂ ಕಿವಿಯಲ್ಲಿದೆ. ಆದರೂ ಅವನನ್ನು ಕ್ಷಮಿಸಿದ್ದೇನೆ ಎಂದು ಮೂರು ವರ್ಷ ಸಭೆಯಲ್ಲಿ ಸಾಕ್ಷಿ ಹೇಳಿದೆ.

ಕುರಿಗಳು ಮಾತ್ರ ಇಬ್ಬರಿಗೂ ಸೇರಿದವು. ಉಣ್ಣೆ ಕತ್ತರಿಸುವಾಗ ಒಬ್ಬ ಹಿಡಿಯಲೇಬೇಕು, ಇನ್ನೊಬ್ಬ ಕತ್ತರಿಸಬೇಕು.

ನಿನ್ನೆ ಅವನು ಟಗರಿನ ಕಾಲು ಅದುಮಿ ಬಗ್ಗಿದ. ಬೆವೆತ ಕುತ್ತಿಗೆ ನನ್ನ ಕತ್ತರಿಗೆ ಒಂದೇ ಗೇಣು ದೂರ. ಎಲ್ಲಿ ಚುಚ್ಚಿದರೆ ಸಾಯುತ್ತಾನೆ ಎಂದು ನೋಡಿದೆ. ಕೈ ಮುಂದೆ ಹೋಯಿತು. ಕೊನೆಯ ಗಳಿಗೆಯಲ್ಲಿ ತಿರುಗಿಸಿದೆ. ಟಗರಿನ ಕಿವಿ ತುಂಡಾಗಿ ರಕ್ತ ಅವನ ಮುಖಕ್ಕೆ ಸಿಡಿಯಿತು.

ಅವನು ಮುಖ ಒರೆಸಿಕೊಂಡು ಕೇಳಿದ: “ಮೊಣಕೈ ನೋಯಾಕ ಹತ್ತೈತೇನೋ ತಮ್ಮ? ತಡಿ, ಸಾವಕಾಶ ಮಾಡು.”

ಕರ್ತನೇ, ಅವನನ್ನು ಕ್ಷಮಿಸುವ ಬಲ ಕೊಡು ಎಂದು ಇನ್ನು ಕೇಳುವುದಿಲ್ಲ. ನನ್ನ ಕೈ ಹಿಡಿ, ಅಷ್ಟು ಸಾಕು. ಇನ್ನೂ ಹದಿನಾಲ್ಕು ಕುರಿ ಉಳಿದಿವೆ. ನಾಳೆಯೂ ಅವನೇ ಬಗ್ಗಿ ಹಿಡಿಯುತ್ತಾನೆ.