ರಾಗವಿಲ್ಲದ ಗಾಯಕವೃಂದ

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ಗಿರಣಿ ಮುಚ್ಚಿ, ಕಾಲೊನಿಯ ಸಾಲುಮನೆಗಳು ಒಂದೊಂದಾಗಿ ಖಾಲಿಯಾಗಿ, ಕಂಪನಿ ನಮಗೆಂದು ಕಟ್ಟಿಸಿದ ಚರ್ಚಿನ ಗಾಯಕವೃಂದದಲ್ಲಿ ಈಗ ನಾನೊಬ್ಬನೇ ಉಳಿದಿದ್ದೇನೆ. ಹೀಗಾಗಿ ನಾಯಕನೂ ನಾನೇ, ತಡವಾಗಿ ಬಂದು ಬೈಸಿಕೊಳ್ಳುವವನೂ ನಾನೇ.

ತೊಂದರೆ ಒಂದೇ. ಗಿರಣಿಯ ಬಾಯ್ಲರ್ ಮನೆಯಲ್ಲಿ ದುಡಿಯುವವರದು ಗಡಸು ಗಂಟಲೆಂದು ನಮಗೆ ರಾಗದ ಕೆಳಗೆ ಗುಂಯ್‌ಗುಡುವ ದಪ್ಪ ದನಿಯನ್ನಷ್ಟೇ ಕಲಿಸಿದ್ದರು. ರಾಗವೆಲ್ಲ ನೂಲು ವಿಭಾಗದ ಹೆಂಗಸರದು, ಅಂದರೆ ನಿಮ್ಮದು. ಅಣ್ಣ ತೀರಿಕೊಂಡ ಮೇಲೆ ನೀವು ಮಗಳ ಮನೆಗೆ ಹೊರಟಾಗ ಅದೂ ನಿಮ್ಮ ಜೊತೆಗೇ ಬಸ್ಸು ಹತ್ತಿತು.

ಕಳೆದ ಭಾನುವಾರ ನಾನು ಭಕ್ತಿಯಿಂದ ಹಾಡುತ್ತಿದ್ದಾಗ ಹೊಸ ಪಾದ್ರಿಗಳು ಓಡಿಬಂದರು.

"ಏನಣ್ಣಾ, ಎದೆನೋವಾ? ನೀರು ಕೊಡ್ಲಾ?"

"ಇಲ್ಲ ಸ್ವಾಮಿ, ಹಾಡ್ತಾ ಇದೀನಿ."

"ಯಾವ ಹಾಡು?"

"ನಮ್ಮ ಅತ್ತಿಗೆ ಇದ್ದಿದ್ರೆ ಗೊತ್ತಾಗ್ತಿತ್ತು."

ಬರುವ ಭಾನುವಾರ ಕೊನೆಯ ಪ್ರಾರ್ಥನೆ. ಆಮೇಲೆ ಕಂಪನಿಯವರು ಬಾಗಿಲಿಗೆ ಬೀಗ ಹಾಕುತ್ತಾರೆ. ಅಷ್ಟರೊಳಗೆ ಒಂದು ಸಲ ಹಾಡು ಹಾಡಿನಂತೆ ಕೇಳಿಸಲಿ ಎಂದು ಆಸೆ. ಬಸ್ಸು ಈಗಲೂ ಗಿರಣಿ ಗೇಟಿನ ಹತ್ತಿರವೇ ನಿಲ್ಲುತ್ತದೆ. ನಾನು ಅಲ್ಲಿಯೇ ನಿಂತಿರುತ್ತೇನೆ.

ಮಂಡಿನೋವಿನಿಂದ ಬರಲಾಗದಿದ್ದರೆ ಸಂಕೋಚ ಬೇಡ. ಬೆಳಿಗ್ಗೆ ಹತ್ತು ಗಂಟೆಗೆ ನೀವು ಮಗಳ ಅಡುಗೆಮನೆಯಲ್ಲೇ ರಾಗ ಎತ್ತಿಕೊಳ್ಳಿ, ಕೆಳಗಿನದನ್ನು ನಾನಿಲ್ಲಿ ನೋಡಿಕೊಳ್ಳುತ್ತೇನೆ. ಎರಡನೆಯ ಚರಣದ ಕೊನೆಗೆ ನೀವು ಉಸಿರಿಗೆಂದು ಸ್ವಲ್ಪ ನಿಲ್ಲುತ್ತಿದ್ದಿರಿ. ಅಲ್ಲಿ ನಾನೂ ನಿಲ್ಲುತ್ತೇನೆ.

ಗಾಯಕವೃಂದದ ಸಮಸ್ತ ಸದಸ್ಯರ ಪರವಾಗಿ,
ನಿಮ್ಮ ಮೈದುನ